ನಾಟಿ ತಳಿಗಳ ಬೀಜ ಸಂರಕ್ಷಣೆ ಮತ್ತು ರೈತರ ತಳಿಗಳ ನೋಂದಣಿ: ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ರೈತರಿಗೆ ಮಾಹಿತಿ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯಾಶ್ರಿತ ಪ್ರದೇಶಗಳಾಗಿವೆ. ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬಿತ್ತುವ ಪದ್ಧತಿಯೇ ಇಲ್ಲಿನ ನಾಟಿ ಬೀಜಗಳನ್ನು ಕಾಪಾಡಿಕೊಂಡು ಬಂದಿತ್ತು. ಹೊಲಪೂರ್ತಿ ಕಡಲೆಕಾಯಿಯನ್ನೇ ಬಿತ್ತುವ ರೂಢಿ ಹೆಚ್ಚಿದ ಕಡೆ ಅಕ್ಕಡಿ ಸಾಲುಗಳು ಕಡಿಮೆಯಾದವು. ಅವುಗಳೊಡನೆ ಬೀಜವೂ ಕಡಿಮೆಯಾಯಿತು. ಸತತ ಬರಗಾಲದಲ್ಲಿ ಬಿತ್ತನೆಗೆಂದು ಇಟ್ಟ ಬೀಜವೇ ಊಟಕ್ಕೆ ಬಳಕೆಯಾದರೆ ಆ ಮನೆಯ ತಳಿ ಅಲ್ಲಿಗೆ ಕೊನೆಗೊಳ್ಳುತ್ತದೆ.

ಈ ಭಾಗದ ವಿಶೇಷ ಬೆಳೆಯೆಂದರೆ ಕೊರಲೆ. ತುಮಕೂರು, ಚಿತ್ರದುರ್ಗ, ಚಿಕ್ಕಬಳ್ಳಾಪುರ ಜಿಲ್ಲೆಗಳು ಹಾಗೂ ಗಡಿಯಾಚೆಯ ಆಂಧ್ರಪ್ರದೇಶದ ಕೆಲವು ಪ್ರದೇಶಗಳಲ್ಲಿ ರೈತರು ಇದನ್ನು ಪರಂಪರೆಯಿಂದ ಬೆಳೆಯುತ್ತ ಬಂದಿದ್ದಾರೆ. ಸುಮಾರು ಮೂರು ತಿಂಗಳೊಳಗೆ ಕಟಾವಿಗೆ ಬರುವ ಈ ಸಿರಿಧಾನ್ಯವು ಹುಣಸೆ ಮರದ ನೆರಳಿನಲ್ಲಿಯೂ ಬೆಳೆಯುತ್ತದೆ. ಕಾಳಿನ ಸಿಪ್ಪೆ ಬಿಡಿಸುವ ಶ್ರಮದಿಂದಾಗಿ ಹಿಂದೆ ಸರಿದಿದ್ದ ಈ ಬೆಳೆಗೆ ಇತ್ತೀಚಿನ ವರ್ಷಗಳಲ್ಲಿ ಪೇಟೆಯಲ್ಲಿ ಬೇಡಿಕೆ ಬಂದಿದೆ. ಆದರೆ ಬೇಡಿಕೆ ಬಂದ ಮಾತ್ರಕ್ಕೆ ಹಳೆಯ ಬೀಜ ಮರಳಿ ದೊರೆಯುವುದಿಲ್ಲ. ಪಾವಗಡ ತಾಲ್ಲೂಕಿನಲ್ಲಿ 2019ರಲ್ಲಿ ಪೂರ್ಣಗೊಂಡ ಸೌರ ವಿದ್ಯುತ್ ಉದ್ಯಾನಕ್ಕೆ ಐದು ಗ್ರಾಮಗಳ ಸುಮಾರು 13,000 ಎಕರೆ ಜಮೀನು ಗುತ್ತಿಗೆಗೆ ಹೋಗಿದ್ದು, ಅಲ್ಲಿ ಬಿತ್ತನೆ ನಿಂತಿದೆ. ಸದರಿ ಗ್ರಾಮಗಳ ಮನೆಗಳಲ್ಲಿ ಬೀಜ ಉಳಿದಿದೆಯೇ ಎಂದು ಆಸಕ್ತ ಗುಂಪುಗಳು ಮೊದಲು ವಿಚಾರಿಸುವುದು ಒಳಿತು.

ರೈತರ ಹಕ್ಕು

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001ರ 39ನೇ ಪ್ರಕರಣದ ಅನ್ವಯ ರೈತರು ತಮ್ಮ ಬೆಳೆಯ ಬೀಜವನ್ನು ಉಳಿಸಿಕೊಳ್ಳಲು, ಮತ್ತೆ ಬಿತ್ತಲು, ವಿನಿಮಯ ಮಾಡಲು, ಹಂಚಿಕೊಳ್ಳಲು ಹಾಗೂ ಮಾರಲು ಹಕ್ಕುಳ್ಳವರಾಗಿರುತ್ತಾರೆ. ಅನ್ಯರು ನೋಂದಾಯಿಸಿದ ತಳಿಗೂ ಇದು ಅನ್ವಯಿಸುತ್ತದೆ. ಆದರೆ ಅಂತಹ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರತಕ್ಕದ್ದಲ್ಲ.

ರೈತರು ಪರಂಪರಾಗತವಾಗಿ ಬೆಳೆದು ತಮ್ಮ ಹೊಲದಲ್ಲಿ ರೂಪಿಸಿದ ತಳಿಯನ್ನು 'ರೈತರ ತಳಿ' ಎಂದು ನೋಂದಾಯಿಸಬಹುದು. ತಲೆಮಾರುಗಳಿಂದ ಬೆಳೆದದ್ದೆಲ್ಲ ರೈತರ ತಳಿಯಾಗದು. ಇಲ್ಲಿ ಬಹುವಾಗಿ ಬೆಳೆಯಲಾದ ಟಿ.ಎಂ.ವಿ.-2 ಕಡಲೆಕಾಯಿಯು 1940ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ತಿಂಡಿವನಂ ಸಂಶೋಧನಾ ಕೇಂದ್ರದಿಂದ ಬಂದದ್ದು. ಅದರ ಬೀಜ ಉಳಿಸಿ ಬಿತ್ತಲು ಅಡ್ಡಿಯಿಲ್ಲ. ರೈತರ ತಳಿಯೆಂದು ನೋಂದಾಯಿಸಲು ಮಾತ್ರ ಬಾರದು.

ಬೀಜ ಉಳಿಸುವ ಕ್ರಮ

ಬೀಜದ ಆಯ್ಕೆ ಕಣದಲ್ಲಿ ಅಲ್ಲ, ಹೊಲದಲ್ಲಿ ನಡೆಯಬೇಕು. ಕಟಾವಿಗೆ ಮುನ್ನವೇ ರೋಗವಿಲ್ಲದ, ತಳಿಯ ಲಕ್ಷಣ ಸ್ಪಷ್ಟವಿರುವ ತೆನೆಗಳನ್ನು ಗುರುತಿಸಿ ಬೇರೆಯಾಗಿ ಕೊಯ್ಯತಕ್ಕದ್ದು. ರಾಗಿ, ನವಣೆ, ಸಾಮೆ, ಕಡಲೆಕಾಯಿಗಳಲ್ಲಿ ಸ್ವಪರಾಗಸ್ಪರ್ಶವಾಗುವುದರಿಂದ ತಳಿ ಸುಲಭವಾಗಿ ಬೆರೆಯುವುದಿಲ್ಲ. ತೊಗರಿಯಲ್ಲಿ ಜೇನ್ನೊಣಗಳಿಂದಲೂ, ಸಜ್ಜೆಯಲ್ಲಿ ಗಾಳಿಯಿಂದಲೂ ಬೆರೆಯುತ್ತದೆ. ಇವೆರಡರ ಬೀಜಕ್ಕೆ ಬೇರೆ ತಳಿಯ ಹೊಲದಿಂದ ದೂರವಿರುವ ಜಾಗ ಬೇಕು. ಒಣಗಿದ ರಾಗಿ ಬೀಜ ಹಲವು ವರ್ಷ ಬಾಳುತ್ತದೆ. ಕಡಲೆಕಾಯಿಯನ್ನು ಸಿಪ್ಪೆ ಸಹಿತ ಇಟ್ಟು ಮರುಹಂಗಾಮಿನಲ್ಲೇ ಬಿತ್ತುವುದು ಕ್ಷೇಮ. ಬಿತ್ತನೆಗೆ ಮುನ್ನ 100 ಕಾಳುಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಮೊಳಕೆ ಎಣಿಸತಕ್ಕದ್ದು. ಪ್ರಮಾಣೀಕೃತ ಬೀಜಕ್ಕೆ ನಿಗದಿಯಾದ ಕನಿಷ್ಠ ಮಟ್ಟವು ರಾಗಿಗೆ ಶೇ. 75, ಕಡಲೆಕಾಯಿಗೆ ಶೇ. 70. ಒಂದೇ ತಳಿಯನ್ನು ಕನಿಷ್ಠ ಎರಡು ಮೂರು ಮನೆಗಳವರು ಬೆಳೆದಿಟ್ಟರೆ ಒಬ್ಬರ ಬೆಳೆ ಕೈಕೊಟ್ಟರೂ ಬೀಜ ಉಳಿಯುತ್ತದೆ.

ನೋಂದಣಿಗೆ ಅರ್ಜಿ

ರೈತರು, ರೈತರ ಗುಂಪುಗಳು ಅಥವಾ ಸಮುದಾಯಗಳು ಅರ್ಜಿ ಸಲ್ಲಿಸಬಹುದು. ನೋಂದಣಿಯ ಶುಲ್ಕದಿಂದ ರೈತರಿಗೆ ವಿನಾಯಿತಿ ಇದೆ. ಅರ್ಜಿಗೆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜಿಲ್ಲಾ ಕೃಷಿ ಅಧಿಕಾರಿ ಅಥವಾ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನಾ ನಿರ್ದೇಶಕರ ದೃಢೀಕರಣ ಅಗತ್ಯ. ತಳಿಯ ಹೆಸರು, ಅದನ್ನು ಗುರುತಿಸುವ ಲಕ್ಷಣಗಳು, ಎಷ್ಟು ಕಾಲದಿಂದ ಯಾವ ಊರುಗಳಲ್ಲಿ ಬೆಳೆಯುತ್ತಿದೆ ಎಂಬ ವಿವರ ಹಾಗೂ ಬೀಜದ ಮಾದರಿ ಒದಗಿಸಬೇಕು. ಒಂದೇ ತಳಿಗೆ ಊರಿಗೊಂದು ಹೆಸರಿರುವುದು ಸಾಮಾನ್ಯವಾದುದರಿಂದ ಎಲ್ಲ ಹೆಸರುಗಳನ್ನೂ ಬರೆಯುವುದು ಉಪಯುಕ್ತ. ಬೆಳೆಗೆ ಅನ್ವಯಿಸುವ ಕಾಲಮಿತಿ ಹಾಗೂ ಬೀಜದ ಪ್ರಮಾಣವನ್ನು ಪ್ರಾಧಿಕಾರದ ಶಿವಮೊಗ್ಗ ಶಾಖಾ ಕಚೇರಿಯಿಂದ ಮುಂಚಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ನೋಂದಣಿಯ ರಕ್ಷಣೆ ಹೊಲದ ಬೆಳೆಗಳಿಗೆ ಗರಿಷ್ಠ 15 ವರ್ಷ, ಮರ ಹಾಗೂ ಬಳ್ಳಿಗಳಿಗೆ 18 ವರ್ಷ.

ತಳಿ ಸಂರಕ್ಷಿಸಿದ ಸಮುದಾಯಗಳಿಗೆ ಪ್ರಾಧಿಕಾರವು ಸಸ್ಯ ಜೀನೋಮ್ ಸಂರಕ್ಷಕ ಪ್ರಶಸ್ತಿಯಡಿ 10 ಲಕ್ಷ ರೂಪಾಯಿ ನೀಡುತ್ತದೆ. ರೈತರಿಗೆ ಪ್ರತ್ಯೇಕ ಪುರಸ್ಕಾರಗಳಿವೆ.

ಒಂದೇ ಮರವೂ ಸಾಕಾಗಬಹುದೆಂಬುದಕ್ಕೆ ಇದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರಿನ 'ಸಿದ್ದು' ಹಲಸು ನಿದರ್ಶನ. ಕೆಂಪು ತೊಳೆಯ ಆ ಮರದ ಸಸಿಗಳನ್ನು ಬೆಳೆಸಿ ಮಾರಲು ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು 2017ರಲ್ಲಿ ಮರದ ಮಾಲೀಕರೊಡನೆಯೇ ಒಪ್ಪಂದ ಮಾಡಿಕೊಂಡಿತು.

ಪ್ರಾಥಮಿಕ ಮಾರ್ಗದರ್ಶನಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿ ಅಥವಾ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಬರುವಾಗ ತಳಿಯ ಒಂದು ಹಿಡಿ ಬೀಜವನ್ನೂ, ಸಾಧ್ಯವಿದ್ದಲ್ಲಿ ಒಣಗಿದ ತೆನೆಯನ್ನೂ ತರತಕ್ಕದ್ದು. ಮನೆಯಲ್ಲಿರುವ ಬೀಜವನ್ನೆಲ್ಲ ಎಲ್ಲಿಯೂ ಕೊಟ್ಟುಬಿಡಬಾರದು.