ಹೊಟ್ಟೆಯ ಸೋಂಕಿಗೆ ಲೋಹದ ತಡೆ: ತಾಮ್ರದ ಬಿಂದಿಗೆ, ಬಿಸ್ಮತ್ ಮಾತ್ರೆ

ಸಾತನೂರು: ಕನಕಪುರ ತಾಲ್ಲೂಕಿನ ಸಾತನೂರು ಸೇರಿದಂತೆ ಹಳೆ ಮೈಸೂರು ಸೀಮೆಯಲ್ಲಿ ತಾಮ್ರದ ಬಿಂದಿಗೆ, ಹಂಡೆ, ಚೊಂಬು ಅಪರಿಚಿತ ವಸ್ತುಗಳೇನಲ್ಲ. ರಾತ್ರಿ ತುಂಬಿಟ್ಟ ತಾಮ್ರದ ನೀರನ್ನು ಬೆಳಿಗ್ಗೆ ಕುಡಿಯುವ ರೂಢಿಗೆ ಬೆಂಗಳೂರಿನ ಪ್ರಯೋಗಾಲಯವೊಂದು ಆಧಾರ ಒದಗಿಸಿದೆ.

16 ಗಂಟೆಯ ಪರೀಕ್ಷೆ

ಆಯುರ್ವೇದ ಮತ್ತು ಸಮಗ್ರ ಚಿಕಿತ್ಸಾ ಸಂಸ್ಥೆಯ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು ಕೋಲ್ಕತ್ತದ ವಿಜ್ಞಾನಿಗಳೊಡನೆ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕಾಲರಾ, ಟೈಫಾಯ್ಡ್, ರಕ್ತಭೇದಿ ಮುಂತಾದವುಗಳ ರೋಗಾಣುಗಳನ್ನು ಮಿಲಿಲೀಟರಿಗೆ ಸುಮಾರು 500ರಂತೆ ನೀರಿಗೆ ಬೆರೆಸಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಡಲಾಯಿತು. ಬಳಿಕ ಪರೀಕ್ಷಿಸಿದಾಗ ಜೀವಂತ ರೋಗಾಣು ದೊರೆಯಲಿಲ್ಲ. ನೀರಿಗೆ ಸೇರಿದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿಲಿಗ್ರಾಂ.

ನೀರಿಗಿಳಿದ ತಾಮ್ರದ ಅಯಾನುಗಳು ರೋಗಾಣುವಿನ ಹೊರಪೊರೆಯನ್ನು ಘಾಸಿಗೊಳಿಸಿ, ಒಳಗಿನ ಪ್ರೋಟೀನುಗಳ ಕೆಲಸವನ್ನು ಕೆಡಿಸುತ್ತವೆ. ಇದಕ್ಕೆ ನೀರು ತಾಮ್ರವನ್ನು ಮುಟ್ಟಬೇಕು, ಹೊತ್ತೂ ಬೇಕು. ಒಳಗೆ ಕಲಾಯಿ ಹಾಕಿದ ಪಾತ್ರೆಯಿಂದ ಈ ಪ್ರಯೋಜನವಿಲ್ಲ.

ಹುಣ್ಣಿಗೆ ಬಿಸ್ಮತ್

ಜಠರದಲ್ಲಿ ನೆಲೆಸಿ ಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಪೈಲೋರಿಯ ವಿಷಯ ಬೇರೆ. ಇದನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಹಾಗೂ ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಸಂದಿತು. ಇದರ ಚಿಕಿತ್ಸೆಯಲ್ಲಿ ಬಳಕೆಯಾಗುವ ಲೋಹ ಬಿಸ್ಮತ್. ಆದರೆ ಅದೊಂದೇ ಸಾಲದು; ಆಮ್ಲ ತಗ್ಗಿಸುವ ಔಷಧ ಮತ್ತು ಎರಡು ಆ್ಯಂಟಿಬಯಾಟಿಕ್‌ಗಳ ಜತೆಗೆ ಸಾಮಾನ್ಯವಾಗಿ 10ರಿಂದ 14 ದಿನ ನೀಡಲಾಗುತ್ತದೆ. ಅರ್ಧಕ್ಕೆ ಬಿಟ್ಟರೆ ರೋಗಾಣು ಉಳಿದುಕೊಳ್ಳುವ, ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ. ಬಿಸ್ಮತ್‌ನಿಂದ ಮಲ ಕಪ್ಪಾಗುವುದು ಸಹಜ. ಆದರೆ ಮಾತ್ರೆ ಸೇವಿಸದವರಲ್ಲಿ ಮಲ ಡಾಂಬರಿನಂತೆ ಕಪ್ಪಾದರೆ ಅದು ಒಳಗಿನ ರಕ್ತಸ್ರಾವದ ಸೂಚನೆಯಾಗಿರಬಹುದು.

ಗಮನದಲ್ಲಿರಲಿ

* ತಾಮ್ರದ ಪಾತ್ರೆಯಲ್ಲಿ ನೀರನ್ನಷ್ಟೇ ಇಡಬೇಕು. ಮಜ್ಜಿಗೆ, ನಿಂಬೆಹಣ್ಣಿನ ಪಾನಕದಂಥ ಹುಳಿ ಪದಾರ್ಥ ತಾಮ್ರವನ್ನು ಹೆಚ್ಚಾಗಿ ಕರಗಿಸಿಕೊಂಡು ವಾಕರಿಕೆ, ವಾಂತಿ ತರುತ್ತದೆ.
* ಕಿಲುಬು ಕಟ್ಟಿದರೆ ಹುಣಸೆಹಣ್ಣಿನಿಂದ ಉಜ್ಜಿ, ಚೆನ್ನಾಗಿ ತೊಳೆಯಬೇಕು.
* ಫ್ಲೋರೈಡ್, ನೈಟ್ರೇಟ್‌ಗಳನ್ನು ತಾಮ್ರ ನೀಗಿಸದು. ಕೊಳಚೆ ಬೆರೆತ ನೀರಿಗೂ ಇದು ಪರಿಹಾರವಲ್ಲ. ಅಂಥ ನೀರನ್ನು ಕುಡಿಯಲು ಬಳಸಬಾರದು.

ತಾಮ್ರದ ನೀರು ಸೋಂಕು ತಡೆಯಲು ನೆರವಾಗಬಹುದೇ ಹೊರತು ಬಂದ ಸೋಂಕಿಗೆ ಮದ್ದಲ್ಲ. ಭೇದಿ ಹಿಡಿದ ಮಗುವಿಗೆ ಮೊದಲು ಬೇಕಾದದ್ದು ಓಆರ್‌ಎಸ್ ದ್ರಾವಣ. ನಂತರ ವೈದ್ಯರ ಸಲಹೆ.