ಧಾನ್ಯದ ಗೋಪುರ

ಉತ್ತರ ಅಮೆರಿಕದ ಪ್ರೇರಿ ಹುಲ್ಲುಗಾವಲಿನ ಪಾಠವನ್ನು ನನ್ನಿಂದ ಕೇಳಿದವರಿಗೆ ‘ಗ್ರೇನ್ ಎಲಿವೇಟರ್’ ಎಂಬ ಶಬ್ದ ನೆನಪಿರಬಹುದು. ‘ಗೋಧಿಯ ದೊಡ್ಡ ಉಗ್ರಾಣ’ ಎಂದು ಬರೆಸಿ ನಾನು ಮುಂದಕ್ಕೆ ಹೋಗುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಎಲಿವೇಟರ್ ಅಂದರೆ ಲಿಫ್ಟ್ ಅಲ್ಲವೇ? ಗೋಧಿ ಲಿಫ್ಟಿನಲ್ಲಿ ಹೋಗುತ್ತದೆಯೇ?” ಎಂದ. ತರಗತಿ ನಕ್ಕಿತು. ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ.

ಕಳೆದ ಬೇಸಿಗೆಯಲ್ಲಿ ಮಿನಿಯಾಪೊಲಿಸ್ಸಿನ ಮಗಳ ಮನೆಗೆ ಹೋಗಿದ್ದಾಗ ಈ ಪ್ರಸಂಗ ಮರಳಿ ನೆನಪಾಯಿತು. ಹನ್ನೆರಡು ವರ್ಷದ ಮೊಮ್ಮಗ ನೆಲಮಾಳಿಗೆಯಲ್ಲಿ ಆಟಿಕೆ ರೈಲಿನ ಹಳಿ ಹಾಸಿದ್ದಾನೆ. ಅಸಲಿನ 87ರಲ್ಲಿ ಒಂದು ಪಾಲಿನ ಅಳತೆ. “ತಾತ, ಇಲ್ಲಿಗೊಂದು ಎಲಿವೇಟರ್ ಕಟ್ಟೋಣ” ಎಂದ. ಕಟ್ಟಬೇಕಾದರೆ ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕಲ್ಲ! ಅರವತ್ತು ದಾಟಿದ ಮೇಲೆ ನನ್ನ ಪಾಠವನ್ನು ನಾನೇ ಓದಲು ಕುಳಿತೆ.

1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ಪಶ್ಚಿಮದ ಧಾನ್ಯವೆಲ್ಲ ಹಡಗುಗಳಲ್ಲಿ ಬಫಲೋ ನಗರಕ್ಕೆ ಬಂದು, ಅಲ್ಲಿ ಇಳಿದು ಕಾಲುವೆಯ ದೋಣಿ ಏರುತ್ತಿತ್ತು. ಇಳಿಸುತ್ತಿದ್ದುದು ಬಹುಪಾಲು ಐರಿಷ್ ಕೂಲಿಗಳ ಬೆನ್ನು. ಒಂದು ಹಡಗು ಬರಿದಾಗಲು ದಿನಗಳೇ ಹಿಡಿಯುತ್ತಿದ್ದವು. 1842ರಲ್ಲಿ ಜೋಸೆಫ್ ಡಾರ್ಟ್ ಎಂಬ ವರ್ತಕ, ರಾಬರ್ಟ್ ಡನ್‌ಬಾರ್ ಎಂಬ ಎಂಜಿನಿಯರನ ನೆರವಿನಿಂದ, ಚರ್ಮದ ಪಟ್ಟಿಗೆ ಸಾಲಾಗಿ ಬಕೆಟ್ಟುಗಳನ್ನು ಬಿಗಿದು ಉಗಿಯಂತ್ರದಿಂದ ತಿರುಗಿಸಿದ. ಹಿಟ್ಟಿನ ಗಿರಣಿಗೆಂದು ಓಲಿವರ್ ಇವಾನ್ಸ್ ಹಿಂದಿನ ಶತಮಾನದಲ್ಲೇ ರೂಪಿಸಿದ್ದ ಉಪಾಯವದು. ಡಾರ್ಟ್ ಅದನ್ನು ಮುಚ್ಚಿಡದೆ ಒಪ್ಪಿಕೊಂಡಿದ್ದಾನೆ. ಐರಿಷರ ಬೆನ್ನಿಗಿಂತ ಅಗ್ಗದ ಎಲಿವೇಟರ್ ಬೇರಿಲ್ಲವೆಂದು ಇನ್ನೊಬ್ಬ ವರ್ತಕ ಅವನನ್ನು ಎಚ್ಚರಿಸಿದ್ದನಂತೆ. ಎಂಥ ಲೆಕ್ಕ! ಡಾರ್ಟನ ಕಟ್ಟಡದಲ್ಲಿ 55,000 ಬುಷೆಲ್, ಅಂದರೆ ಗೋಧಿಯಾದರೆ ಸುಮಾರು 1,500 ಟನ್, ಹಿಡಿಯುತ್ತಿತ್ತು. ಮೇಲೇರಿದ ಕಾಳು ತನ್ನ ಭಾರದಿಂದಲೇ ಕಣಜಕ್ಕೂ, ಅಲ್ಲಿಂದ ದೋಣಿಗೋ ರೈಲುಗಾಡಿಗೋ ಜಾರುತ್ತದೆ. ಎತ್ತುವ ಶ್ರಮ ಒಮ್ಮೆ ಮಾತ್ರ.

ಆ ಕಟ್ಟಡಗಳೆಲ್ಲ ಮರದವು. ಧಾನ್ಯದ ಧೂಳಿಗೆ ಕಿಡಿ ತಗುಲಿದರೆ ಸ್ಫೋಟವೇ. ಅದಕ್ಕಾಗಿ ಧಾನ್ಯದ ವ್ಯಾಪಾರಿ ಫ್ರ್ಯಾಂಕ್ ಪೀವಿ ಮತ್ತು ಕಟ್ಟಡ ನಿರ್ಮಾಪಕ ಚಾರ್ಲ್ಸ್ ಹ್ಯಾಗ್ಲಿನ್ 1899ರಲ್ಲಿ ಮಿನಿಯಾಪೊಲಿಸ್ಸಿನ ಪಕ್ಕದ ಸೇಂಟ್ ಲೂಯಿಸ್ ಪಾರ್ಕಿನಲ್ಲಿ ಕಾಂಕ್ರೀಟಿನ ದುಂಡು ಗೋಪುರವನ್ನೆಬ್ಬಿಸಿದರು. ಕಾಂಕ್ರೀಟು ಗಟ್ಟಿಯಾದಂತೆ ಅಚ್ಚನ್ನು ಮೇಲಕ್ಕೆ ಸರಿಸುತ್ತ ಹೋದರು. 68 ಅಡಿಗೆ ನಿಲ್ಲಿಸಿ, ಚಳಿಗಾಲವಿಡೀ ಧಾನ್ಯ ತುಂಬಿಟ್ಟರು. ಜನ ಅದನ್ನು ‘ಪೀವಿಯ ಹುಚ್ಚು’ ಎಂದು ಹಾಸ್ಯಮಾಡಿದರು. ಧಾನ್ಯ ಬಿಡುವಾಗ ಗೋಡೆ ಸಿಡಿಯುವುದೆಂದು ಹೆದರಿದವರೂ ಇದ್ದರು. 1900ರ ವಸಂತದಲ್ಲಿ ಬರಿದು ಮಾಡಿದರು, ಬಿರುಕೂ ಬಿಡಲಿಲ್ಲ. ಬಳಿಕ 125 ಅಡಿಗೆ ಏರಿಸಿದ ಆ ಗೋಪುರ ಇಂದಿಗೂ ಹೆದ್ದಾರಿಯ ಬದಿಯಲ್ಲಿದೆ. ಪ್ರಯೋಗ ಮುಗಿದ ಮೇಲೆ ಅದರಲ್ಲಿ ಧಾನ್ಯ ತುಂಬಲೇ ಇಲ್ಲವಂತೆ. ನಾನು ಅದರ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದೆ.

125 ಅಡಿಯನ್ನು 87ರಿಂದ ಭಾಗಿಸಿದರೆ ಹದಿನೇಳೂಕಾಲು ಅಂಗುಲ. ಮೊಮ್ಮಗ ಕಾಗದ ಸುತ್ತಿಡುವ ಮೂರಂಗುಲ ವ್ಯಾಸದ ರಟ್ಟಿನ ಕೊಳವೆಗಳನ್ನು ತಂದ. ಆರನ್ನು ಎರಡು ಸಾಲಾಗಿ ಅಂಟಿಸಿ, ಮೇಲೆ ರಟ್ಟಿನ ಮನೆ ಕೂರಿಸಿ, ಬೂದುಬಣ್ಣ ಬಳಿದೆವು. ಎಲ್ಲ ಒಣಗಿದ ಮೇಲೆ ರೈಲು ಬಿಟ್ಟರೆ ಧಾನ್ಯ ಸುರಿಯುವ ಕೊಳವೆಗೆ ಗಾಡಿಯ ತಲೆ ಬಡಿಯಿತು! ಅಳತೆ ಹಿಡಿದವನು ನಾನು. ಗಾಡಿಯ ಎತ್ತರವನ್ನು ಅಳೆದಿದ್ದೆ, ಹಳಿಯ ಎತ್ತರವನ್ನು ಮರೆತಿದ್ದೆ. ಮೊಮ್ಮಗ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಲಿಲ್ಲ. ಕೊಳವೆಯನ್ನು ಕಿತ್ತು ಕಾಲಂಗುಲ ಮೇಲೆ ಅಂಟಿಸಿದ.

ತುಂಬಲು ಗೋಧಿಯ ಬದಲು ಮಗಳ ಡಬ್ಬಿಯಿಂದ ರಾಗಿ ತಂದೆ. ಆ ಅಳತೆಯಲ್ಲಿ ಒಂದೊಂದು ರಾಗಿಕಾಳೂ ತೆಂಗಿನಕಾಯಿಯಷ್ಟಾಗುತ್ತದೆಂದು ಅವನು ಲೆಕ್ಕ ಹಾಕಿ ನಕ್ಕ. ಕೊನೆಗೆ ಚಿರೋಟಿ ರವೆಗೆ ಒಪ್ಪಿದ.

ಹಿಂದಿನ ಬೆಂಚಿನ ಆ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ: ಹೌದಪ್ಪ, ಗೋಧಿ ಲಿಫ್ಟಿನಲ್ಲಿಯೇ ಹೋಗುತ್ತದೆ. ನೀನು ಕೇಳಿದ್ದು ಸರಿಯಾಗಿತ್ತು. ಬಿಡುವಾದಾಗ ಮನೆಗೆ ಬಾ, ಮಾದರಿಯ ಫೋಟೋ ತೋರಿಸುತ್ತೇನೆ.