ಪೆಂಗ್ವಿನ್ ಪಕ್ಷಿಯೂ ಛಾಯಾಗ್ರಾಹಕನ ಪೆಟ್ಟಿಗೆಯೂ

ದಕ್ಷಿಣ ಅಮೆರಿಕಾ ಖಂಡದ ಕೊನೆಯಲ್ಲಿ ಉಷುವಾಯಾ ಎಂಬ ರೇವುಪಟ್ಟಣವಿದೆ. ದಕ್ಷಿಣ ಗೋಲಾರ್ಧದ ಬೇಸಗೆಯಾದ ನವೆಂಬರಿನಿಂದ ಮಾರ್ಚಿಯವರೆಗೆ ಅಲ್ಲಿಂದ ಹಡಗುಗಳು ಇನ್ನೂ ದಕ್ಷಿಣಕ್ಕೆ ಹೊರಡುತ್ತವೆ. ಡ್ರೇಕ್ ಜಲಸಂಧಿಯ ಉಗ್ರವಾದ ತೆರೆಗಳನ್ನು ಸುಮಾರು ಎರಡು ದಿವಸ ದಾಟಿದ ಬಳಿಕ ಹಿಮಪರ್ವತಗಳೂ, ಅಂಟಾರ್ಕ್ಟಿಕ ಖಂಡದ ಶಿಲಾತೀರಗಳೂ, ಆ ತೀರಗಳಲ್ಲಿ ಸಾವಿರಗಟ್ಟಲೆ ನೆರೆದು ನಿಂತ ಪೆಂಗ್ವಿನ್ ಪಕ್ಷಿಗಳೂ ಕಣ್ಣಿಗೆ ಬೀಳುತ್ತವೆ. ಈ ಹಡಗುಗಳಲ್ಲಿ ಹೋಗುವವರು ಬಹುಮಟ್ಟಿಗೆ ಸಾಮಾನ್ಯ ಗೃಹಸ್ಥರು. ಹಣವನ್ನು ತೆತ್ತು, ಪಕ್ಷಿಶಾಸ್ತ್ರವನ್ನು ಬಲ್ಲ ಮಾರ್ಗದರ್ಶಕರನ್ನೂ ಛಾಯಾಗ್ರಹಣದಲ್ಲಿ ನುರಿತವರನ್ನೂ ಕೂಡಿಕೊಂಡು, ಪೆಂಗ್ವಿನ್ನನ್ನು ಕಣ್ಣಾರೆ ಕಂಡು ಅದರ ಚಿತ್ರವನ್ನು ತರುವುದಕ್ಕಾಗಿ ಅವರು ಇಷ್ಟು ದೂರ ಹೋಗುತ್ತಾರೆ. ಆ ದಡದಿಂದ ಒಂದು ಗರಿಯನ್ನಾಗಲಿ ಒಂದು ಬೆಣಚುಕಲ್ಲನ್ನಾಗಲಿ ಅವರು ತರುವಂತಿಲ್ಲ. ನೂರು ವರ್ಷಗಳಿಗೂ ಹಿಂದೆ ದಕ್ಷಿಣಸಮುದ್ರಕ್ಕೆ ಹೋದ ಕೆಲವು ಹಡಗುಗಳಾದರೋ ಇದೇ ಕುಲದ ಪಕ್ಷಿಗಳ ಎಣ್ಣೆಯನ್ನು ಪೀಪಾಯಿಗಳಲ್ಲಿ ತುಂಬಿಕೊಂಡು ಬರುತ್ತಿದ್ದುವು. ಪೀಪಾಯಿಯ ಸ್ಥಾನಕ್ಕೆ ಚಿತ್ರವು ಬಂದ ಈ ಮಾರ್ಪಾಡು ತಾನಾಗಿ ಆದುದಲ್ಲ. ಅದು ಆದ ಬಗೆಯನ್ನು ತಿಳಿಯುವುದು ಪ್ರಯೋಜನಕರವಾಗಿದೆ.

ಪೆಂಗ್ವಿನ್ ಹಾರಲಾರದ ಪಕ್ಷಿ. ಅದರ ರೆಕ್ಕೆಗಳು ದೋಣಿಯ ಹುಟ್ಟುಗಳಂತೆ ಗಟ್ಟಿಯಾಗಿದ್ದು ಈಜುವುದಕ್ಕೆ ಮಾತ್ರ ಒದಗುತ್ತವೆ. ಸುಮಾರು ೧೮ ಜಾತಿಗಳುಂಟು. ಅವುಗಳಲ್ಲಿ ಎಂಪರರ್ ಎಂಬುದು ಎಲ್ಲಕ್ಕಿಂತ ದೊಡ್ಡದು. ಮೂರೂವರೆ ಅಡಿಗಳಷ್ಟು ಎತ್ತರ ನಿಲ್ಲುತ್ತದೆ. ಚಳಿಗಾಲದ ಕತ್ತಲೆಯಲ್ಲಿ ಇದರ ಗಂಡು ಎರಡು ತಿಂಗಳು ಉಪವಾಸವಿದ್ದು, ಒಂದೇ ಮೊಟ್ಟೆಯನ್ನು ಪಾದಗಳ ಮೇಲಿಟ್ಟುಕೊಂಡು ಕಾವು ಕೊಡುತ್ತದೆ. ಅಡೇಲಿ ಎಂಬುದು ಇದಕ್ಕಿಂತ ಚಿಕ್ಕದು. ಬೆಣಚುಕಲ್ಲುಗಳನ್ನು ಒಟ್ಟಿ ಗೂಡು ಮಾಡುತ್ತದೆ. ಧ್ರುವಪ್ರದೇಶದ ನೆಲದ ಮೇಲೆ ಈ ಪಕ್ಷಿಗಳನ್ನು ಬೇಟೆಯಾಡುವ ನಾಲ್ಕು ಕಾಲಿನ ಮೃಗವೊಂದೂ ಇಲ್ಲ. ಆದುದರಿಂದ ದಡದಲ್ಲಿರುವಾಗ ಇವು ಮನುಷ್ಯನನ್ನು ಕಂಡು ಓಡುವುದಿಲ್ಲ. ಎಷ್ಟೋ ಸಲ ಕುತೂಹಲದಿಂದ ಹತ್ತಿರಕ್ಕೇ ಬರುತ್ತವೆ. ಈ ನಿರ್ಭಯತೆಯೇ ಮೊದಲು ಅವುಗಳ ಕೇಡಿಗೂ ತರುವಾಯ ಅವುಗಳ ಕೀರ್ತಿಗೂ ಕಾರಣವಾಯಿತು.

೧೫೨೦ರಲ್ಲಿ ಮೆಗಲನ್ನನ ನೌಕೆಗಳು ಪೆಟಗೋನಿಯದ ತೀರವನ್ನು ಅನುಸರಿಸಿ ಹೋಗುತ್ತಿದ್ದಾಗ, ಜೊತೆಯಲ್ಲಿದ್ದ ಇಟಲಿಯ ಪಿಗಫೆಟ್ಟ ಎಂಬವನು ಹಾರಲಾರದ ಬಾತುಗಳೆಂದು ಈ ಪಕ್ಷಿಗಳನ್ನು ವರ್ಣಿಸಿದನು. ಸ್ವಲ್ಪ ಹೊತ್ತಿನಲ್ಲಿಯೇ ಹಡಗುಗಳಿಗೆ ಸಾಕಾಗುವಷ್ಟು ಹಕ್ಕಿಗಳನ್ನು ಹಿಡಿದು ತುಂಬಿದುದನ್ನೂ ಅವನು ಬರೆದಿಟ್ಟನು. ಅಂದಿನಿಂದ ಶತಮಾನಗಳ ಕಾಲ ನಾವಿಕರಿಗೆ ಪೆಂಗ್ವಿನ್ ಎಂದರೆ ದಡದಲ್ಲಿ ಸುಲಭವಾಗಿ ದೊರೆಯುವ ಆಹಾರ. ೧೭೭೫ರಲ್ಲಿ ಕ್ಯಾಪ್ಟನ್ ಕುಕ್ಕನು ದಕ್ಷಿಣ ಜಾರ್ಜಿಯಾ ದ್ವೀಪವನ್ನು ಕಂಡು ಅಲ್ಲಿಯ ಸೀಲ್ ಪ್ರಾಣಿಗಳ ಸಮೃದ್ಧಿಯನ್ನು ತಿಳಿಸಿದುದೇ ತಡ, ತೊಗಲಿನ ವ್ಯಾಪಾರಿಗಳು ಆ ಸಮುದ್ರಗಳಿಗೆ ಧಾವಿಸಿದರು. ಸೀಲುಗಳು ಮುಗಿಯುತ್ತ ಬಂದ ಕಡೆಗಳಲ್ಲಿ ಅವರ ದೃಷ್ಟಿ ಪೆಂಗ್ವಿನ್ನಿನ ಮೇಲೆ ಬಿದ್ದಿತು. ಏಕೆಂದರೆ ಚಳಿಯನ್ನು ತಡೆಯುವುದಕ್ಕಾಗಿ ಈ ಪಕ್ಷಿಯ ಚರ್ಮದ ಕೆಳಗೆ ದಪ್ಪನಾದ ಕೊಬ್ಬು ಇರುತ್ತದೆ.

ಈ ಕಥೆಯ ಅತ್ಯಂತ ದುಃಖಕರವಾದ ಭಾಗವು ಆಸ್ಟ್ರೇಲಿಯಕ್ಕೂ ಅಂಟಾರ್ಕ್ಟಿಕಕ್ಕೂ ನಡುವೆ ಇರುವ ಮೆಕ್ವಾರಿ ದ್ವೀಪದಲ್ಲಿ ನಡೆಯಿತು. ೧೮೧೦ರಲ್ಲಿ ಈ ದ್ವೀಪವು ಕಂಡುಬಂದಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ತುಪ್ಪುಳು ಸೀಲುಗಳು ನಿರ್ನಾಮವಾದುವು. ಶತಮಾನದ ಕೊನೆಯ ಭಾಗದಲ್ಲಿ ನ್ಯೂಜಿಲೆಂಡಿನ ಜೋಸೆಫ್ ಹ್ಯಾಚ್ ಎಂಬ ವರ್ತಕನು ಅಲ್ಲಿ ಪೆಂಗ್ವಿನ್ ಎಣ್ಣೆಯ ಉದ್ಯಮವನ್ನು ನಡೆಸಿದನು. ದಡದಲ್ಲಿ ದೊಡ್ಡ ದೊಡ್ಡ ಕಬ್ಬಿಣದ ಕೊಪ್ಪರಿಗೆಗಳನ್ನು ನಿಲ್ಲಿಸಿ, ದೊಣ್ಣೆಗಳಿಂದ ಹೊಡೆದು ಕೊಂದ ಹಕ್ಕಿಗಳನ್ನು ನೂರಾರು ಸಂಖ್ಯೆಯಲ್ಲಿ ಅವುಗಳೊಳಕ್ಕೆ ಹಾಕಿ ಹಬೆಯಿಂದ ಬೇಯಿಸಿ ಎಣ್ಣೆ ತೆಗೆಯುತ್ತಿದ್ದರು. ಒಂದು ಹಕ್ಕಿಯಿಂದ ದೊರೆಯುತ್ತಿದ್ದುದು ಸುಮಾರು ಅರ್ಧ ಲೀಟರು ಮಾತ್ರ. ಆ ಎಣ್ಣೆಯ ಮುಖ್ಯ ಉಪಯೋಗವಾದರೂ ಹುರಿ ಹಗ್ಗಗಳ ತಯಾರಿಕೆಯಲ್ಲಿ. ದ್ವೀಪದಲ್ಲಿದ್ದ ಕಿಂಗ್ ಪೆಂಗ್ವಿನ್ನುಗಳ ಎರಡು ದೊಡ್ಡ ನೆಲೆಗಳಲ್ಲಿ ಒಂದು ಸಂಪೂರ್ಣವಾಗಿ ಅಳಿಯಿತು. ಲೂಸಿಟೇನಿಯ ಕೊಲ್ಲಿಯ ಇನ್ನೊಂದು ನೆಲೆ ಕೆಲವೇ ಸಾವಿರಕ್ಕೆ ಇಳಿಯಿತು. ಬಳಿಕ ಉದ್ಯಮವು ರಾಯಲ್ ಎಂಬ ಮತ್ತೊಂದು ಜಾತಿಯ ಕಡೆಗೆ ತಿರುಗಿತು.

ಹೀಗಿರುವಲ್ಲಿ ಪೆಂಗ್ವಿನ್ನನ್ನು ಬೇರೊಂದು ಉದ್ದೇಶದಿಂದ ನೋಡಿದವರು ದಕ್ಷಿಣಕ್ಕೆ ಬಂದರು. ೧೯೧೦ರಲ್ಲಿ ಕ್ಯಾಪ್ಟನ್ ಸ್ಕಾಟನು ದಕ್ಷಿಣಧ್ರುವಕ್ಕೆ ಹೊರಟಾಗ ಟೆರಾ ನೋವಾ ಎಂಬ ನೌಕೆಯಲ್ಲಿ ಹರ್ಬರ್ಟ್ ಪಾಂಟಿಂಗ್ ಎಂಬ ಛಾಯಾಗ್ರಾಹಕನನ್ನು ಕರೆದುಕೊಂಡು ಹೋದನು. ಚಿತ್ರ ತೆಗೆಯುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ಇಂತಹ ನಿಪುಣನು ಅಂಟಾರ್ಕ್ಟಿಕಕ್ಕೆ ಹೋದುದು ಅಪೂರ್ವವಾದ ಸಂಗತಿಯಾಗಿತ್ತು. ಆಗ ಚಿತ್ರ ತೆಗೆಯುವುದು ಇಂದಿನಷ್ಟು ಸುಲಭವಾಗಿರಲಿಲ್ಲ. ಭಾರವಾದ ಪೆಟ್ಟಿಗೆ, ಮೂರು ಕಾಲಿನ ಮಣೆ, ಒಡೆಯುವ ಗಾಜಿನ ಫಲಕಗಳು ಇವೆಲ್ಲವನ್ನೂ ಹಿಮದ ಮೇಲೆ ಎಳೆದುಕೊಂಡು ಹೋಗಬೇಕು. ಬರಿಗೈಯಿಂದ ಲೋಹವನ್ನು ಮುಟ್ಟಿದರೆ ಚರ್ಮವು ಅಂಟಿಕೊಳ್ಳುತ್ತದೆ. ಉಸಿರು ತಾಗಿದರೆ ಮಸೂರದ ಮೇಲೆ ಮಂಜು ಕಟ್ಟುತ್ತದೆ. ೧೯೧೧ರ ಜನವರಿಯಲ್ಲಿ ಕೊಲೆಗಾರ ತಿಮಿಂಗಿಲಗಳು ಪಾಂಟಿಂಗನು ನಿಂತಿದ್ದ ಹಿಮದ ಹಾಸನ್ನು ಕೆಳಗಿನಿಂದ ಗುದ್ದಿ ಒಡೆದುವು. ಅವನು ತುಂಡಿನಿಂದ ತುಂಡಿಗೆ ಹಾರಿ ಪೆಟ್ಟಿಗೆಯೊಡನೆ ಪ್ರಾಣ ಉಳಿಸಿಕೊಂಡನು. ಮುಂದಿನ ಬೇಸಗೆಯಲ್ಲಿ ಕೇಪ್ ರಾಯ್ಡ್ಸ್ ಎಂಬಲ್ಲಿಯ ಅಡೇಲಿ ಪೆಂಗ್ವಿನ್ನುಗಳ ನೆಲೆಯಲ್ಲಿ ತಂಗಿ, ಅವು ಕಲ್ಲು ಕದಿಯುವುದನ್ನೂ, ಜಗಳವಾಡುವುದನ್ನೂ, ಮರಿಗಳಿಗೆ ತುತ್ತು ಕೊಡುವುದನ್ನೂ ಚಲಚ್ಚಿತ್ರದಲ್ಲಿ ಹಿಡಿದನು.

ಅದೇ ಯಾತ್ರೆಯಲ್ಲಿ ಮತ್ತೊಂದು ಸಾಹಸವೂ ನಡೆಯಿತು. ೧೯೧೧ರ ಜೂನ್ ಕೊನೆಯಲ್ಲಿ, ಸೂರ್ಯನೇ ಹುಟ್ಟದ ಕಾಲದಲ್ಲಿ, ವಿಲ್ಸನ್, ಬೋವರ್ಸ್, ಚೆರಿ-ಗರಾರ್ಡ್ ಎಂಬ ಮೂವರು ಎಂಪರರ್ ಪೆಂಗ್ವಿನ್ನಿನ ಮೊಟ್ಟೆಗಳಿಗಾಗಿ ಕೇಪ್ ಕ್ರೋಝಿಯರಿಗೆ ನಡೆದರು. ಶೀತವು ಸೊನ್ನೆಯ ಕೆಳಗೆ ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಐದು ವಾರಗಳ ಬಳಿಕ ಅವರು ಮೂರು ಮೊಟ್ಟೆಗಳೊಡನೆ ಹಿಂದಿರುಗಿದರು. ೧೯೧೨ರಲ್ಲಿ ಧ್ರುವದಿಂದ ಮರಳುವ ದಾರಿಯಲ್ಲಿ ಸ್ಕಾಟನೂ ವಿಲ್ಸನ್ನನೂ ಬೋವರ್ಸನೂ ಮಡಿದರು. ಮೂವರಲ್ಲಿ ಬದುಕಿ ಉಳಿದ ಚೆರಿ-ಗರಾರ್ಡನು ಮುಂದೆ ಪೆಂಗ್ವಿನ್ನುಗಳ ಪರವಾಗಿ ದನಿಯೆತ್ತಿದವರಲ್ಲಿ ಒಬ್ಬನಾದನು. ಪಾಂಟಿಂಗನೋ ೧೯೧೪ರಲ್ಲಿ ಲಂಡನ್ನಿನ ಸಭಾಂಗಣದಲ್ಲಿ ತನ್ನ ಚಿತ್ರಗಳನ್ನು ತೋರಿಸಿ ಉಪನ್ಯಾಸಗಳನ್ನು ಕೊಟ್ಟನು. ವೀರರ ಮರಣದ ಕಥೆಗಾಗಿ ಬಂದ ಜನರು ಪೆಂಗ್ವಿನ್ನುಗಳ ನಡೆನುಡಿಗಳನ್ನೂ ನೋಡಿಕೊಂಡು ಮನೆಗೆ ಹೋದರು.

ಇನ್ನೊಬ್ಬ ಛಾಯಾಗ್ರಾಹಕನು ಆಸ್ಟ್ರೇಲಿಯದ ಫ್ರ್ಯಾಂಕ್ ಹರ್ಲಿ. ಇವನು ೧೯೧೧ರಲ್ಲಿ ಡಗ್ಲಸ್ ಮಾಸನ್ನನ ತಂಡದಲ್ಲಿ ದಕ್ಷಿಣಕ್ಕೆ ಹೋದನು. ೧೯೧೪ರಲ್ಲಿ ಷ್ಯಾಕಲ್ಟನ್ನನ ಎಂಡ್ಯೂರೆನ್ಸ್ ನೌಕೆಯನ್ನು ಸೇರಿದನು. ಹಿಮದ ನಡುವೆ ಸಿಕ್ಕಿ ಆ ಹಡಗು ನುಚ್ಚುನೂರಾಗಿ, ೧೯೧೫ರ ನವೆಂಬರ್ ೨೧ರಂದು ಮುಳುಗಿತು. ಅದಕ್ಕೆ ಮೊದಲೇ ಹರ್ಲಿಯು ಹೆಪ್ಪುಗಟ್ಟುವ ನೀರಿಗಿಳಿದು ತನ್ನ ಗಾಜಿನ ಫಲಕಗಳನ್ನು ಮೇಲೆತ್ತಿದ್ದನು. ಎಲ್ಲವನ್ನೂ ಹೊರುವಂತಿರಲಿಲ್ಲವಾದ್ದರಿಂದ ಷ್ಯಾಕಲ್ಟನ್ನನೂ ಅವನೂ ಹಿಮದ ಮೇಲೆ ಕುಳಿತು ಸುಮಾರು ೧೨೦ನ್ನು ಆರಿಸಿ, ಉಳಿದ ಸುಮಾರು ೪೦೦ನ್ನು, ಮತ್ತೆ ಆಸೆ ಹುಟ್ಟದಿರಲೆಂದು, ಅಲ್ಲಿಯೇ ಒಡೆದುಹಾಕಿದರು. ತರುವಾಯ ಎಲಿಫೆಂಟ್ ದ್ವೀಪದಲ್ಲಿ ೨೨ ಜನರು ಎರಡು ದೋಣಿಗಳನ್ನು ಬೋರಲು ಹಾಕಿ ಅವುಗಳ ಕೆಳಗೆ ನಾಲ್ಕೂವರೆ ತಿಂಗಳು ಬಾಳಿದರು. ಅವರ ಜೀವವನ್ನು ಉಳಿಸಿದುದು ಸೀಲುಗಳ ಮತ್ತು ಪೆಂಗ್ವಿನ್ನುಗಳ ಮಾಂಸ. ೧೯೧೬ರ ಆಗಸ್ಟ್ ೩೦ರಂದು ಚಿಲಿ ದೇಶದ ಯೆಲ್ಚೊ ಎಂಬ ಹಡಗು ಬಂದು ಅವರನ್ನು ಪಾರುಮಾಡಿತು. ಹರ್ಲಿಯಾದರೋ ಮರುವರ್ಷವೇ ದಕ್ಷಿಣ ಜಾರ್ಜಿಯಾಕ್ಕೆ ಹಿಂದಿರುಗಿ ಪಕ್ಷಿಗಳ ಮತ್ತು ಸೀಲುಗಳ ಚಿತ್ರಗಳನ್ನು ತೆಗೆದನು. ಅವನನ್ನು ಉಳಿಸಿದ ಪಕ್ಷಿಯನ್ನು ಈಗ ಲೋಕವು ಅವನ ಚಿತ್ರಗಳಲ್ಲಿ ಕಂಡಿತು.

ಈ ವೇಳೆಗೆ ಮೆಕ್ವಾರಿ ದ್ವೀಪದ ಕೊಲೆಯನ್ನು ನಿಲ್ಲಿಸಬೇಕೆಂಬ ಕೂಗು ಎದ್ದಿತ್ತು. ಮಾಸನ್ನನು ಅದರ ಮುಂದಾಳು. ಹಕ್ಕಿಗಳನ್ನು ಜೀವಂತವಾಗಿಯೇ ಕೊಪ್ಪರಿಗೆಗೆ ಅಟ್ಟುತ್ತಾರೆಂಬ ಮಾತೂ ಹಬ್ಬಿತು. ಹ್ಯಾಚನು ಅದನ್ನು ಅಲ್ಲಗಳೆದು, ಹಕ್ಕಿಗಳ ಸಂಖ್ಯೆ ಕುಗ್ಗಿಲ್ಲವೆಂದು ಸಭೆಗಳಲ್ಲಿ ವಾದಿಸಿದನು. ಲಕ್ಷಗಟ್ಟಲೆ ಇದ್ದ ರಾಯಲ್ ಜಾತಿಯ ಮಟ್ಟಿಗೆ ಆ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಆದರೆ ಜನರು ಲೆಕ್ಕವನ್ನು ಕೇಳುವ ಹಂತವನ್ನು ದಾಟಿದ್ದರು. ಚಿತ್ರದಲ್ಲಿ ಮರಿಗೆ ತುತ್ತು ಕೊಡುತ್ತಿದ್ದ ಹಕ್ಕಿಯನ್ನು ಕಂಡವರಿಗೆ, ಅದನ್ನು ಹಗ್ಗದ ಎಣ್ಣೆಗಾಗಿ ಬೇಯಿಸುವುದು ಸಹಿಸಲಾಗದ ಕಾರ್ಯವಾಗಿ ತೋರಿತು. ದ್ವೀಪದ ಒಡೆತನವಿದ್ದ ಟಾಸ್ಮೇನಿಯ ಸರ್ಕಾರವು ಹ್ಯಾಚನ ಪರವಾನಗಿಯನ್ನು ಮುಂದುವರಿಸಲಿಲ್ಲ. ೧೯೧೯ರ ಸುಮಾರಿಗೆ ಉದ್ಯಮವು ನಿಂತಿತು. ೧೯೩೩ರಲ್ಲಿ ದ್ವೀಪವು ಅಭಯಾರಣ್ಯವಾಯಿತು. ೧೯೯೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಲೂಸಿಟೇನಿಯ ಕೊಲ್ಲಿಯ ಕಿಂಗ್ ಪೆಂಗ್ವಿನ್ನುಗಳು ಮತ್ತೆ ಲಕ್ಷವನ್ನು ಮೀರಿ ಬೆಳೆದುವು. ತುಕ್ಕು ಹಿಡಿದ ಕೊಪ್ಪರಿಗೆಗಳು ಅಲ್ಲಿ ಉಳಿದುಕೊಂಡಿವೆ. ಅವುಗಳ ಸುತ್ತ ಹಕ್ಕಿಗಳು ನಿಲ್ಲುತ್ತವೆ.

೧೯೫೯ರಲ್ಲಿ ೧೨ ರಾಷ್ಟ್ರಗಳು ಅಂಟಾರ್ಕ್ಟಿಕ ಒಪ್ಪಂದಕ್ಕೆ ರುಜುಮಾಡಿ, ಆ ಖಂಡವನ್ನು ಶಾಂತಿಗೂ ವಿಜ್ಞಾನಕ್ಕೂ ಮೀಸಲಿಟ್ಟುವು. ೧೯೬೪ರಲ್ಲಿ ಮಾಡಿಕೊಂಡ ಕಟ್ಟಳೆಗಳು ಅನುಮತಿಯಿಲ್ಲದೆ ಅಲ್ಲಿಯ ಪಕ್ಷಿಗಳನ್ನು ಕೊಲ್ಲುವುದನ್ನೂ ಹಿಡಿಯುವುದನ್ನೂ ನಿಷೇಧಿಸಿದುವು. ಪಕ್ಷಿಯ ಜೀವಕ್ಕೆ ಹೀಗೆ ರಕ್ಷಣೆ ದೊರೆತ ಮೇಲೆ, ಅದನ್ನು ನೋಡುವ ಆಸೆಯುಳ್ಳವರಿಗೆ ದಾರಿ ತೆರೆಯಿತು.

೧೯೫೮ರಲ್ಲಿಯೇ ಅರ್ಜೆಂಟೀನದ ಹಡಗೊಂದು ಕೆಲವು ಯಾತ್ರಿಕರನ್ನು ಆ ಕಡೆಗೆ ಒಯ್ದಿತ್ತು. ಆದರೆ ಮಾರ್ಗದರ್ಶಕರೊಡನೆ ಕಲಿಯುತ್ತ ನೋಡುವ ಯಾತ್ರೆಯ ಪದ್ಧತಿಯನ್ನು ನೆಲೆಗೊಳಿಸಿದವನು ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಾದಲ್ಲಿ ನೆಲೆಸಿದ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್. ಅವನು ೧೯೬೬ರಲ್ಲಿ ಅರ್ಜೆಂಟೀನದ ನೌಕಾಪಡೆಯ ಲಪಟಾಯಾ ಎಂಬ ಹಡಗನ್ನು ಬಾಡಿಗೆಗೆ ಹಿಡಿದು ೫೭ ಜನರನ್ನು ಕರೆದುಕೊಂಡು ಹೋದನು. ೧೯೬೯ರಲ್ಲಿ ಇದೇ ಕಾರ್ಯಕ್ಕಾಗಿ ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್ ಎಂಬ ಚಿಕ್ಕ ಕೆಂಪು ಹಡಗನ್ನು ಕಟ್ಟಿಸಿದನು. ಕಂಡವನು ಕಾಪಾಡುತ್ತಾನೆಂಬುದು ಅವನ ನಂಬಿಕೆ. ಆದುದರಿಂದ ಯಾತ್ರಿಕರಿಗೆ ಪಾಠ ಹೇಳಲು ಹೆಸರಾಂತ ಪಕ್ಷಿಶಾಸ್ತ್ರಜ್ಞರನ್ನು ಕರೆಸುತ್ತಿದ್ದನು. ಅವರಲ್ಲಿ ಪೀಟರ್ ಸ್ಕಾಟ್ ಒಬ್ಬನು. ಇವನು ಧ್ರುವದ ದಾರಿಯಲ್ಲಿ ಮಡಿದ ಕ್ಯಾಪ್ಟನ್ ಸ್ಕಾಟನ ಮಗ. ತಂದೆ ತೀರಿಕೊಂಡಾಗ ಇವನಿಗೆ ಎರಡು ವರ್ಷ. ಮಗನಿಗೆ ಪ್ರಕೃತಿಶಾಸ್ತ್ರದಲ್ಲಿ ಆಸಕ್ತಿ ಹುಟ್ಟಿಸಬೇಕೆಂದು ತಂದೆಯು ಸಾಯುವ ಮುನ್ನ ಗುಡಾರದೊಳಗಿಂದ ಹೆಂಡತಿಗೆ ಬರೆದಿದ್ದನು. ಮಗನು ಪಕ್ಷಿಚಿತ್ರಕಾರನಾಗಿ, ವನ್ಯಜೀವಿಗಳ ರಕ್ಷಣೆಗಾಗಿ ೧೯೬೧ರಲ್ಲಿ ಸ್ಥಾಪಿತವಾದ ವಿಶ್ವಸಂಸ್ಥೆಯೊಂದರ ಸ್ಥಾಪಕರಲ್ಲೊಬ್ಬನಾಗಿ, ತಂದೆ ಕಂಡ ಪೆಂಗ್ವಿನ್ನುಗಳನ್ನು ಪರರಿಗೆ ತೋರಿಸಲು ಅದೇ ಖಂಡಕ್ಕೆ ಹೋದನು. ತಂದೆಯ ಪತ್ರವು ಸಾರ್ಥಕವಾಯಿತೆನ್ನಬೇಕು.

೧೯೯೧ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಅಂಟಾರ್ಕ್ಟಿಕದ ಪರಿಸರವನ್ನು ಕಾಪಾಡುವ ಒಡಂಬಡಿಕೆಯಾಯಿತು. ಯಾತ್ರೆ ನಡೆಸುವ ಸಂಸ್ಥೆಗಳೂ ಅದೇ ವರ್ಷ ಸಂಘವೊಂದನ್ನು ಕಟ್ಟಿಕೊಂಡು ನಿಯಮಗಳನ್ನು ಗೊತ್ತುಮಾಡಿಕೊಂಡುವು. ದಡದ ಒಂದು ಸ್ಥಳದಲ್ಲಿ ಒಮ್ಮೆಗೆ ೧೦೦ ಜನರಿಗಿಂತ ಹೆಚ್ಚು ಇಳಿಯಕೂಡದು. ೫೦೦ಕ್ಕಿಂತ ಹೆಚ್ಚು ಯಾತ್ರಿಕರಿರುವ ಹಡಗು ಜನರನ್ನು ಇಳಿಸಲೇಕೂಡದು. ಪ್ರತಿ ೨೦ ಜನರಿಗೆ ಒಬ್ಬ ಮಾರ್ಗದರ್ಶಕನಿರಬೇಕು. ಅನ್ಯದೇಶದ ಬೀಜವೂ ರೋಗಾಣುವೂ ಹೋಗದಂತೆ ಪಾದರಕ್ಷೆಗಳನ್ನು ತೊಳೆದು ದೋಣಿ ಹತ್ತಬೇಕು. ಪಕ್ಷಿಯಿಂದ ಕನಿಷ್ಠ ೫ ಮೀಟರು, ಎಂದರೆ ಸುಮಾರು ೧೬ ಅಡಿ, ದೂರವಿರಬೇಕು. ಹಿಮದ ಮೇಲೆ ಪೆಂಗ್ವಿನ್ನುಗಳು ನಡೆದು ಮಾಡಿಕೊಂಡ ದಾರಿಗೆ ಅಡ್ಡ ನಿಲ್ಲಕೂಡದು. ಪಕ್ಷಿ ಬಂದರೆ ಮನುಷ್ಯನೇ ದಾರಿ ಬಿಡಬೇಕು.

ಇಷ್ಟಾದರೂ ಚಿಂತೆಗೆ ಕಾರಣವಿಲ್ಲದಿಲ್ಲ. ೧೯೬೬ರಲ್ಲಿ ೫೭ ಇದ್ದ ಯಾತ್ರಿಕರು ೨೦೨೨-೨೩ರ ಋತುವಿನಲ್ಲಿ ಲಕ್ಷವನ್ನು ಮೀರಿದರು. ಲಿಂಡ್‌ಬ್ಲಾಡನು ಕಟ್ಟಿಸಿದ ಕೆಂಪು ಹಡಗೇ ೨೦೦೭ರ ನವೆಂಬರಿನಲ್ಲಿ ಹಿಮಕ್ಕೆ ತಾಗಿ ಮುಳುಗಿತು. ಅದರಲ್ಲಿದ್ದ ೧೫೪ ಜನರೂ ಬದುಕಿದುದು ಪುಣ್ಯವಿಶೇಷ. ೨೦೨೩ರ ಅಕ್ಟೋಬರಿನಲ್ಲಿ ಹಕ್ಕಿಜ್ವರವು ದಕ್ಷಿಣ ಜಾರ್ಜಿಯಾವನ್ನೂ, ೨೦೨೪ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕ ಖಂಡವನ್ನೂ ಮುಟ್ಟಿತು. ಅದನ್ನು ತಂದವು ವಲಸೆಯ ಕಡಲಹಕ್ಕಿಗಳೆಂದು ತಜ್ಞರು ತಿಳಿಯುತ್ತಾರೆ. ೨೦೨೨ರ ಕೊನೆಯಲ್ಲಿ ಬೆಲ್ಲಿಂಗ್ಸ್‌ಹೌಸನ್ ಸಮುದ್ರದ ಹಿಮವು ಅಕಾಲದಲ್ಲಿ ಒಡೆದುದರಿಂದ, ಅಲ್ಲಿಯ ಐದು ಎಂಪರರ್ ನೆಲೆಗಳ ಪೈಕಿ ನಾಲ್ಕರಲ್ಲಿ ಮರಿಗಳು ಗರಿ ಬಲಿಯುವ ಮೊದಲೇ ನಾಶವಾದುವು. ಈ ಅನಾಹುತವನ್ನು ತಿಳಿಸಿದುದೂ ಆಕಾಶದ ಉಪಗ್ರಹಗಳು ತೆಗೆದ ಚಿತ್ರಗಳೇ. ದೊಣ್ಣೆಯನ್ನು ತಡೆದ ಕಾನೂನಿಗೆ ಬಿಸಿಯೇರುವ ಸಮುದ್ರವನ್ನು ತಡೆಯುವ ಶಕ್ತಿಯಿಲ್ಲ. ದೂರದೇಶಗಳಿಂದ ವಿಮಾನದಲ್ಲಿ ಬಂದು ಹಡಗನ್ನೇರುವ ಯಾತ್ರಿಕನೂ ಆ ಬಿಸಿಗೆ ತನ್ನ ಪಾಲನ್ನು ಸೇರಿಸುತ್ತಾನೆ. ೨೦೨೪ರ ಮೇ ತಿಂಗಳಲ್ಲಿ ನಮ್ಮ ದೇಶದ ಕೊಚ್ಚಿಯಲ್ಲಿ ಒಪ್ಪಂದದ ರಾಷ್ಟ್ರಗಳ ಸಭೆ ನೆರೆದಾಗ, ಇಂತಹ ಯಾತ್ರೆಗಳನ್ನು ಕ್ರಮಗೊಳಿಸುವ ವಿಷಯವು ಮುಖ್ಯವಾಗಿ ಚರ್ಚೆಗೆ ಬಂದಿತು. ೧೯೮೩ರಲ್ಲಿ ಒಪ್ಪಂದವನ್ನು ಸೇರಿದ ಭಾರತಕ್ಕೂ ಈ ಹೊಣೆಯಲ್ಲಿ ಭಾಗವುಂಟು.

ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನು ಜಿಂಕೆಯನ್ನು ಬೆನ್ನಟ್ಟಿ ಬರುತ್ತಾನೆ. ಅದು ಆಶ್ರಮದ ಮೃಗ, ಕೊಲ್ಲಬಾರದೆಂದು ತಪಸ್ವಿಗಳು ತಡೆದೊಡನೆ ಬಾಣವನ್ನು ಇಳಿಸುತ್ತಾನೆ. ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಆಶ್ರಮದೊಳಕ್ಕೆ ಹೋಗುವ ಮೊದಲು ಆ ಚಕ್ರವರ್ತಿಯು ತನ್ನ ಆಭರಣಗಳನ್ನೂ ಬಿಲ್ಲನ್ನೂ ಸಾರಥಿಯ ಕೈಗೆ ಕೊಟ್ಟು ವಿನೀತನಾಗಿ ಪ್ರವೇಶಿಸುತ್ತಾನೆ. ಕೊಲ್ಲದಿರುವುದು ಒಂದು ಧರ್ಮ, ಪ್ರವೇಶಿಸುವಾಗ ವಿನಯದಿಂದಿರುವುದು ಇನ್ನೊಂದು. ದಕ್ಷಿಣದ ಹಿಮತೀರದಲ್ಲಿ ಮನುಷ್ಯನು ಮೊದಲನೆಯದನ್ನು ಕಲಿಯುವುದಕ್ಕೆ ಮೆಗಲನ್ನನ ಕಾಲದಿಂದ ಸುಮಾರು ನಾಲ್ಕು ನೂರು ವರ್ಷಗಳು ಹಿಡಿದುವು. ಪಾದರಕ್ಷೆಯನ್ನು ತೊಳೆದು, ಹದಿನಾರು ಅಡಿ ದೂರದಲ್ಲಿ ಮೌನವಾಗಿ ನಿಂತು ಚಿತ್ರ ತೆಗೆಯುವ ಯಾತ್ರಿಕನು ಎರಡನೆಯದನ್ನು ಅಭ್ಯಾಸ ಮಾಡುತ್ತಿದ್ದಾನೆ. ಎಷ್ಟು ಜನರು ಹೋಗಬೇಕು, ಹೋಗದೆಯೇ ಚಿತ್ರವನ್ನು ನೋಡಿ ತೃಪ್ತರಾಗಬೇಕಾದವರು ಎಷ್ಟು ಮಂದಿ ಎಂಬುದನ್ನು ನಿರ್ಣಯಿಸುವುದೂ ಆ ವಿನಯದ ಭಾಗವೇ ಆಗಿದೆ. ಪಾಂಟಿಂಗನೂ ಹರ್ಲಿಯೂ ಪ್ರಾಣವನ್ನು ಪಣವಿಟ್ಟು ಗಾಜಿನ ಫಲಕಗಳನ್ನು ತಂದುದು, ದಕ್ಷಿಣಕ್ಕೆ ಹೋಗಲಾರದ ಲಕ್ಷಾಂತರ ಜನರೂ ಆ ಹಕ್ಕಿಯನ್ನು ಕಂಡು ಮೆಚ್ಚುವುದಕ್ಕೆ ಒದಗಿತು. ಅವರ ಚಿತ್ರಗಳನ್ನು ಮನೆಯಲ್ಲಿ ಕುಳಿತು ನೋಡಿದ ಜನರ ಮರುಕವೇ ಮೆಕ್ವಾರಿಯ ಕೊಪ್ಪರಿಗೆಗಳನ್ನು ಆರಿಸಿತೆಂಬುದನ್ನು ಮರೆಯಬಾರದು.